ಪ್ರೀತಿಯ ಮ್ಯಾನೇಜರ್ ಕ್ಲಬ್ ಬಿಟ್ಟಾಗ ಅವರ ಕಾಲವನ್ನು ಹಿಂತಿರುಗಿ ನೋಡುವ ಬಗೆ

2024ರ ಜನವರಿ 26ರಂದು ಇಂಗ್ಲೆಂಡಿನ ಫುಟ್ಬಾಲ್ ಕ್ಲಬ್ ಲಿವರ್‌ಪೂಲ್‌ನ ಮ್ಯಾನೇಜರ್, ಅಂದರೆ ತಂಡವನ್ನು ಆರಿಸಿ ಆಡಿಸುವ ಮುಖ್ಯ ತರಬೇತುದಾರ, ಯೂರ್ಗನ್ ಕ್ಲಾಪ್ ಅವರು ಕ್ಲಬ್ ಹೊರತಂದ ವಿಡಿಯೊದಲ್ಲಿ ಕಾಣಿಸಿಕೊಂಡು, ಆ ಸೀಸನ್ ಮುಗಿದ ಮೇಲೆ ತಾವು ಹೊರಡುವುದಾಗಿಯೂ ತಮ್ಮೊಳಗಿನ ಶಕ್ತಿ ಬರಿದಾಗುತ್ತಿದೆಯೆಂದೂ ಹೇಳಿದಾಗ, ತಂಡವು ಅಲ್ಲಿನ ಅತ್ಯುನ್ನತ ದರ್ಜೆಯಾದ ಪ್ರೀಮಿಯರ್ ಲೀಗ್ ಅಂಕಪಟ್ಟಿಯ ಮೇಲ್ತುದಿಯಲ್ಲಿತ್ತು. ಅವರ ಒಪ್ಪಂದಕ್ಕೆ 2026ರವರೆಗೆ ಅವಧಿಯಿತ್ತು. ಅವರು ಬಂದ ದಿನದಿಂದ ಆ ತಂಡದ ಬೆನ್ನುಹತ್ತಿದ್ದ ನಾನು ಅಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡ ಮೊದಲ ಸಾಲು ‘ಅರ್ಧ ದಾರಿಯಲ್ಲಿ ಕೈಬಿಟ್ಟರು’ ಎಂಬುದಾಗಿತ್ತು. ಮರುದಿನ ಬರೆದ ಸಾಲುಗಳಲ್ಲಿ ಅವರು ಎಂದೂ ತಪ್ಪೇ ಮಾಡದ ಮನುಷ್ಯರಾಗಿದ್ದರು. ಎರಡು ಬರಹಗಳಲ್ಲಿ ಯಾವುದೂ ನಿಜವಲ್ಲ ಎಂಬುದು ಮನಸ್ಸಿಗೆ ಇಳಿಯಲು ನನಗೆ ತಿಂಗಳುಗಳೇ ಹಿಡಿದವು.

ಮ್ಯಾನೇಜರ್ ಹೋದಾಗ ಕ್ಲಬ್ಬಿನ ಒಂದು ಅಧ್ಯಾಯ ಮುಗಿಯುವಂತೆ ಅಭಿಮಾನಿಯ ಬದುಕಿನ ಒಂದು ಕಾಲವೂ ಮುಗಿಯುತ್ತದೆ. ಆದ್ದರಿಂದಲೇ ಆ ಕಾಲವನ್ನು ನೆನೆಯುವಾಗ ಸಿಟ್ಟು, ಋಣ, ಭಯ ಎಲ್ಲವೂ ಒಂದೇ ವಾಕ್ಯದೊಳಗೆ ಕಲೆತುಹೋಗುತ್ತವೆ. ನಾನು ಕಲಿತ ಮುಖ್ಯ ಪಾಠ ಒಂದೇ: ಕೃತಜ್ಞತೆಗೊಂದು ಪುಟ, ತೀರ್ಪಿಗೊಂದು ಪುಟ ಬೇರೆ ಬೇರೆಯಾಗಿ ಇರಬೇಕು, ಮತ್ತು ಒಂದರ ಶಾಯಿ ಇನ್ನೊಂದಕ್ಕೆ ಹರಿಯದಂತೆ ನೋಡಿಕೊಳ್ಳಬೇಕು. ಈ ಬರಹದಲ್ಲಿ ಮುಂದೆ ಬರುವ ಸಲಹೆಗಳೆಲ್ಲ ಆ ಎರಡು ಪುಟಗಳನ್ನು ತುಂಬಿಸುವ ಕ್ರಮಕ್ಕೆ ಸಂಬಂಧಿಸಿದವು. ಬರೆಯುವ ಅಭ್ಯಾಸವಿಲ್ಲದವರು ಇದನ್ನು ಇನ್ನೊಬ್ಬ ಅಭಿಮಾನಿಯೊಡನೆ ಮಾತಿನಲ್ಲಿಯೂ ಮಾಡಬಹುದು. ಆದರೆ ಬರೆದಿಟ್ಟದ್ದನ್ನು ವರ್ಷದ ನಂತರ ತೆರೆದು ನೋಡಬಹುದೆಂಬ ಅನುಕೂಲ ಮಾತಿಗಿಲ್ಲ.

ಮೊದಲು, ಅವರು ಹೇಗೆ ಹೋದರು ಎಂಬುದನ್ನು ಖಚಿತಪಡಿಸಿಕೊಳ್ಳಿ

ಸುದ್ದಿ ಬಂದ ವಾರದಲ್ಲಿ ತೀರ್ಪು ಬರೆಯಬೇಡಿ. ಆ ವಾರ ಮಾಡಬೇಕಾದದ್ದು ಕ್ಲಬ್ಬಿನ ಪ್ರಕಟಣೆಯನ್ನೂ ಮ್ಯಾನೇಜರ್ ಅವರ ಸ್ವಂತ ಮಾತುಗಳನ್ನೂ ನಿಧಾನವಾಗಿ ಓದುವುದು, ಅಷ್ಟೆ. ತಾವಾಗಿ ಹೋದವರು, ತೆಗೆದುಹಾಕಲ್ಪಟ್ಟವರು, ಗೌರವದ ಮಾತುಗಳ ಹಿಂದೆ ಮೆಲ್ಲಗೆ ಬಾಗಿಲಿನತ್ತ ಸರಿಸಲ್ಪಟ್ಟವರು, ಈ ಮೂವರ ನಿರ್ಗಮನವೂ ಹೊರಗಿನಿಂದ ಒಂದೇ ತರಹ ಕಾಣಬಹುದಾದರೂ ಅಭಿಮಾನಿಯಲ್ಲಿ ಉಳಿಸಿಹೋಗುವ ಭಾವ ಬೇರೆ ಬೇರೆ.

ತಾವಾಗಿ ಹೋದವರ ವಿಷಯದಲ್ಲಿ ನಮ್ಮನ್ನು ಕಾಡುವುದು ‘ಏಕೆ’ ಎಂಬ ಪ್ರಶ್ನೆ. 1974ರ ಜುಲೈ 12ರಂದು ಬಿಲ್ ಶಾಂಕ್ಲಿ ಲಿವರ್‌ಪೂಲ್ ಬಿಟ್ಟಾಗ, ಎರಡು ತಿಂಗಳ ಹಿಂದಷ್ಟೇ ಎಫ್‌ಎ ಕಪ್ (ಇಂಗ್ಲೆಂಡಿನ ನಾಕೌಟ್ ಟೂರ್ನಿ) ಗೆದ್ದ ಮ್ಯಾನೇಜರ್ ಹೀಗೆ ಹೋಗುವರೆಂದು ನಂಬಲು ಊರೇ ಸಿದ್ಧವಿರಲಿಲ್ಲ. 1991ರ ಫೆಬ್ರುವರಿಯಲ್ಲಿ, ಎವರ್ಟನ್ ಎದುರು 4-4ರಲ್ಲಿ ಮುಗಿದ ಎಫ್‌ಎ ಕಪ್ ಪಂದ್ಯದ ಎರಡು ದಿನಗಳ ನಂತರ ಅದೇ ಕ್ಲಬ್ಬಿನ ಮ್ಯಾನೇಜರ್ ಕೆನ್ನಿ ಡಾಲ್‌ಗ್ಲಿಶ್ ರಾಜೀನಾಮೆ ಕೊಟ್ಟಾಗಲೂ ಜನ ಕಾರಣ ಹುಡುಕಿ ಸೋತರು. 97 ಲಿವರ್‌ಪೂಲ್ ಅಭಿಮಾನಿಗಳ ಸಾವಿಗೆ ಕಾರಣವಾದ 1989ರ ಹಿಲ್ಸ್‌ಬರೊ ಕ್ರೀಡಾಂಗಣದ ನೂಕುನುಗ್ಗಲಿನ ದುರಂತದ ನಂತರ ಆ ಕುಟುಂಬಗಳ ದುಃಖದಲ್ಲಿ ಹೆಗಲುಕೊಟ್ಟು ನಿಂತ ಮನುಷ್ಯ ಒಳಗೊಳಗೇ ಎಷ್ಟು ದಣಿದಿದ್ದರೆಂಬುದು ನಂತರವಷ್ಟೇ ಎಲ್ಲರಿಗೂ ಅರ್ಥವಾಯಿತು. ಕ್ಲಾಪ್ ಅವರ ಮಾತನ್ನು ನಾನು ಮೊದಲ ದಿನ ನೆಪವೆಂದುಕೊಂಡಿದ್ದೆ. ಡಾಲ್‌ಗ್ಲಿಶ್ ಅವರ ಪ್ರಸಂಗವನ್ನು ಮತ್ತೆ ಓದಿದ ಮೇಲೆ, ದಣಿವು ಎಂಬುದು ಪೂರ್ಣ ಪ್ರಮಾಣದ ಕಾರಣವೆಂದು ಒಪ್ಪಿಕೊಂಡೆ.

ತೆಗೆದುಹಾಕಲ್ಪಟ್ಟವರ ವಿಷಯದಲ್ಲಿ ಸಿಟ್ಟು ಕ್ಲಬ್ಬಿನ ಮಾಲೀಕರ ಕಡೆಗೆ ತಿರುಗುತ್ತದೆ, ಮತ್ತು ಆ ಸಿಟ್ಟಿನಲ್ಲಿ ನಾವು ಮ್ಯಾನೇಜರ್ ಅವರ ಕೊನೆಯ ತಿಂಗಳುಗಳನ್ನು ಮರೆಯುತ್ತೇವೆ. ಕ್ಲಾಡಿಯೊ ರಾನಿಯೆರಿ ಅವರ ಲೆಸ್ಟರ್ ಸಿಟಿ 2016ರಲ್ಲಿ ಲೀಗ್ ಗೆದ್ದದ್ದು, ಸೀಸನ್ನಿನ ಆರಂಭದಲ್ಲಿ 5000ಕ್ಕೆ 1ರ ಬಾಜಿಯಿದ್ದ ಗೆಲುವು. ಒಂಬತ್ತು ತಿಂಗಳ ನಂತರ, 2017ರ ಫೆಬ್ರುವರಿ 23ರಂದು ಅವರನ್ನು ತೆಗೆದುಹಾಕಿದಾಗ ತಂಡವು ಕೆಳದರ್ಜೆಗೆ ಜಾರುವ ಅಂಚಿಗಿಂತ ಒಂದೇ ಅಂಕ ಮೇಲಿತ್ತು. ಆ ನಿರ್ಧಾರ ನನ್ನ ಮನಸ್ಸಿಗೆ ಇಂದಿಗೂ ಕಹಿಯಾಗಿದೆ. ಆದರೆ ಅಂಕಪಟ್ಟಿ ಹಾಗಿತ್ತು, ಹೊಸಬರ ಕೈಕೆಳಗೆ ತಂಡ ಮುಂದಿನ ಪಂದ್ಯದಲ್ಲಿ ಲಿವರ್‌ಪೂಲನ್ನು 3-1ರಿಂದ ಸೋಲಿಸಿ ಕೊನೆಗೆ 12ನೇ ಸ್ಥಾನಕ್ಕೆ ಏರಿತು ಎಂಬುದನ್ನೂ ತೀರ್ಪಿನ ಪುಟದಲ್ಲಿ ಬರೆಯದಿದ್ದರೆ ಆ ಪುಟ ಅಪೂರ್ಣ. ಕೃತಜ್ಞತೆಯ ಪುಟಕ್ಕೆ ಆ ಅಂಕಪಟ್ಟಿಯಿಂದ ಒಂದು ಚುಕ್ಕೆಯೂ ಕಳೆಯುವುದಿಲ್ಲ.

ಮೂರನೆಯ ಬಗೆಯನ್ನು ಗುರುತಿಸುವುದು ಕಷ್ಟ. ಆರ್ಸೆನ್ ವೆಂಗರ್ 2018ರ ಏಪ್ರಿಲ್ 20ರಂದು ಆರ್ಸೆನಲ್ ಬಿಡುವುದಾಗಿ ಪ್ರಕಟಿಸಿದಾಗ ಅವರ ಒಪ್ಪಂದದಲ್ಲಿ ಇನ್ನೊಂದು ವರ್ಷ ಉಳಿದಿತ್ತು. ಹೊರಡುವ ಸಮಯವನ್ನು ಆರಿಸಿದ್ದು ನಿಜವಾಗಿ ತಾವಲ್ಲ ಎಂಬ ಸೂಚನೆಯನ್ನು ಕೆಲವೇ ದಿನಗಳಲ್ಲಿ ಅವರೇ ಕೊಟ್ಟರು. ಇಂಥ ಕಡೆ ಮೊದಲ ಪ್ರಕಟಣೆಯೊಂದನ್ನೇ ನಂಬಿ ಬರೆದ ಮಾತು ಬೇಗ ಹಳಸುತ್ತದೆ. ಒಂದೆರಡು ವಾರ ಕಾಯುವುದೇ ಮೇಲು.

ಅವರು ಬಂದ ದಿನದ ಕ್ಲಬ್ಬನ್ನು ಮತ್ತೆ ಕಣ್ಮುಂದೆ ತಂದುಕೊಳ್ಳಿ

ಹಿಂತಿರುಗಿ ನೋಡುವವರಲ್ಲಿ ಬಹುಪಾಲು ಜನ ಕೊನೆಯಿಂದ ಆರಂಭಿಸುತ್ತಾರೆ. ಆರಂಭಿಸಬೇಕಾದದ್ದು ಅವರು ಕಾಲಿಟ್ಟ ದಿನದಿಂದ. ಅಂದಿನ ಅಂಕಪಟ್ಟಿಯನ್ನು ಹುಡುಕಿ ತೆಗೆಯಿರಿ, ಅವರ ಮೊದಲ ಪಂದ್ಯದ ಹನ್ನೊಂದು ಆಟಗಾರರ ಹೆಸರನ್ನು ಬರೆದುಕೊಳ್ಳಿ, ಅದರ ಹಿಂದಿನ ಮೂರು ನಾಲ್ಕು ಸೀಸನ್‌ಗಳಲ್ಲಿ ಕ್ಲಬ್ ಎಲ್ಲಿ ಮುಗಿಸಿತ್ತೆಂದು ನೋಡಿ. ಅಲೆಕ್ಸ್ ಫರ್ಗುಸನ್ 1986ರ ನವೆಂಬರ್‌ನಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್‌ಗೆ ಬಂದಾಗ ತಂಡ 22 ತಂಡಗಳ ಲೀಗ್‌ನಲ್ಲಿ ಕೊನೆಯಿಂದ ಎರಡನೆಯದಾಗಿತ್ತು. ಅವರ ಮೊದಲ ಟ್ರೋಫಿಯಾದ ಎಫ್‌ಎ ಕಪ್ ಬಂದದ್ದು 1990ರಲ್ಲಿ. ಅದಕ್ಕೆ ಆರು ತಿಂಗಳು ಮೊದಲು, 1989ರ ಡಿಸೆಂಬರ್‌ನಲ್ಲಿ, ಮೂರು ವರ್ಷಗಳ ನೆಪ ಸಾಕು, ಹೊರಡಿ ಎಂಬರ್ಥದ ಬ್ಯಾನರನ್ನು ತವರು ಮೈದಾನದಲ್ಲಿಯೇ ಒಬ್ಬ ಅಭಿಮಾನಿ ಎತ್ತಿಹಿಡಿದಿದ್ದ. 38 ಟ್ರೋಫಿ, 13 ಪ್ರೀಮಿಯರ್ ಲೀಗ್ ಕಿರೀಟಗಳ ಲೆಕ್ಕವನ್ನು ಬಾಯಿಪಾಠ ಹೇಳುವವರು ಆ ಬ್ಯಾನರಿನಿಂದ ಮಾತು ಆರಂಭಿಸಿದರೆ ಅದೇ ಲೆಕ್ಕ ಬೇರೆಯದೇ ತೂಕ ಪಡೆಯುತ್ತದೆ.

ಕ್ಲಾಪ್ 2015ರ ಅಕ್ಟೋಬರ್‌ನಲ್ಲಿ ಬಂದಾಗ ಲಿವರ್‌ಪೂಲ್ 10ನೇ ಸ್ಥಾನದಲ್ಲಿತ್ತು. ಮಾರ್ಸೆಲೊ ಬಿಯೆಲ್ಸಾ 2018ರಲ್ಲಿ ಲೀಡ್ಸ್ ಯುನೈಟೆಡ್‌ಗೆ ಬಂದಾಗ ಆ ಕ್ಲಬ್ ಎರಡನೆಯ ದರ್ಜೆಯಲ್ಲಿ 13ನೇ ಸ್ಥಾನದಲ್ಲಿ ಮುಗಿಸಿತ್ತು ಮತ್ತು ಮೇಲಿನ ದರ್ಜೆಯನ್ನು ಕಂಡು 14 ವರ್ಷಗಳಾಗಿದ್ದವು. ಈ ಸಂಖ್ಯೆಗಳನ್ನು ಪುಟದ ಮೇಲ್ತುದಿಯಲ್ಲಿ ಬರೆಯಿರಿ. ಮುಂದಿನ ಪ್ರತಿ ಮಾತಿಗೂ ಇದೇ ಅಳತೆಗೋಲು.

ಟ್ರೋಫಿಗಳ ಪಟ್ಟಿಯನ್ನು ಓದುವಾಗ

ಟ್ರೋಫಿ ಮುಖ್ಯವಲ್ಲ ಎಂದು ನಾನು ಹೇಳಲಾರೆ. ಅಭಿಮಾನಿ ವರ್ಷಗಟ್ಟಲೆ ಕಾಯುವುದು ಅದಕ್ಕಾಗಿಯೇ. ಆದರೆ ಪಟ್ಟಿಯೊಂದರಿಂದಲೇ ಮ್ಯಾನೇಜರ್ ಒಬ್ಬರ ಕಾಲವನ್ನು ಅಳೆಯುವುದು ಸಾಧ್ಯವೇ ಎಂದು ಕೇಳಿದರೆ, ನನ್ನ ಮುಂದೆ ಬರುವುದು 2018-19ರ ಸೀಸನ್. ಆ ವರ್ಷ ಲಿವರ್‌ಪೂಲ್ 38 ಪಂದ್ಯಗಳಲ್ಲಿ ಒಂದನ್ನಷ್ಟೇ ಸೋತು 97 ಅಂಕ ಗಳಿಸಿತು; ಮ್ಯಾಂಚೆಸ್ಟರ್ ಸಿಟಿ 98 ಗಳಿಸಿ ಕಿರೀಟ ತೊಟ್ಟಿತು. 2021-22ರಲ್ಲಿಯೂ ಅಂತರ ಒಂದೇ ಅಂಕ, 92 ಮತ್ತು 93. ಟ್ರೋಫಿಯ ಪಟ್ಟಿಯಲ್ಲಿ ಈ ಎರಡು ಲೀಗ್ ಅಭಿಯಾನಗಳಿಗೆ ಜಾಗವೇ ಇಲ್ಲ. 2019-20ರಲ್ಲಿ 99 ಅಂಕಗಳೊಂದಿಗೆ ಬಂದ, ಮೂವತ್ತು ವರ್ಷಗಳ ನಂತರದ ಕಿರೀಟಕ್ಕೆ ಮಾತ್ರ ಜಾಗವಿದೆ. ಆಟದ ಮಟ್ಟವನ್ನು ನೋಡಿದವರಿಗೆ ಈ ಮೂರೂ ವರ್ಷಗಳು ಒಡಹುಟ್ಟಿದವುಗಳೆಂದು ಗೊತ್ತು.

ಇದರ ವಿರುದ್ಧ ದಿಕ್ಕಿನ ಉದಾಹರಣೆ ಆಂಜ್ ಪೊಸ್ಟೆಕೊಗ್ಲು ಅವರದು. 2025ರ ಮೇ 21ರಂದು ಬಿಲ್ಬಾವೊದಲ್ಲಿ ಅವರ ಟಾಟನ್‌ಹ್ಯಾಮ್ ಹಾಟ್‌ಸ್ಪರ್ ಮ್ಯಾಂಚೆಸ್ಟರ್ ಯುನೈಟೆಡನ್ನು 1-0ಯಿಂದ ಸೋಲಿಸಿ ಯುರೋಪಿನ ಕ್ಲಬ್ಬುಗಳ ಎರಡನೆಯ ಮಟ್ಟದ ಟೂರ್ನಿಯಾದ ಯುರೋಪಾ ಲೀಗ್ ಗೆದ್ದಿತು. 17 ವರ್ಷಗಳಲ್ಲಿ ಕ್ಲಬ್ಬಿಗೆ ಸಿಕ್ಕ ಮೊದಲ ಟ್ರೋಫಿ ಅದು. ಅದೇ ಸೀಸನ್ನಿನ ಲೀಗ್‌ನಲ್ಲಿ ತಂಡ 22 ಪಂದ್ಯಗಳನ್ನು ಸೋತು 17ನೇ ಸ್ಥಾನದಲ್ಲಿ ನಿಂತಿತ್ತು. ಫೈನಲ್ ಮುಗಿದು 16 ದಿನಗಳಾಗುವಷ್ಟರಲ್ಲಿ ಅವರನ್ನು ತೆಗೆದುಹಾಕಲಾಯಿತು. ಈ ಪ್ರಕರಣದಲ್ಲಿ ಎರಡು ಪುಟಗಳ ಅಗತ್ಯ ಎಷ್ಟು ಎಂಬುದು ಬೇರೆಲ್ಲಕ್ಕಿಂತ ಸ್ಪಷ್ಟವಾಗಿ ಕಾಣುತ್ತದೆ. ಒಂದೇ ಪುಟದಲ್ಲಿ ಬರೆಯಹೊರಟ ಅಭಿಮಾನಿ ಕಪ್ಪನ್ನೋ 22 ಸೋಲುಗಳನ್ನೋ, ಯಾವುದಾದರೂ ಒಂದನ್ನು ಅಳಿಸಲೇಬೇಕಾಗುತ್ತದೆ.

ಪಟ್ಟಿಯ ಪಕ್ಕದಲ್ಲಿ ಇನ್ನೊಂದು ಸಾಲು ಇರಲಿ: ಅವರಿಗೆ ಕ್ಲಬ್ ಏನು ಕೊಟ್ಟಿತ್ತು? ವೆಂಗರ್ ಅವರ ಆರ್ಸೆನಲ್ 2005ರ ಎಫ್‌ಎ ಕಪ್ ಗೆದ್ದ ಮೇಲೆ 2014ರವರೆಗೆ ಯಾವ ಟ್ರೋಫಿಯನ್ನೂ ಎತ್ತಲಿಲ್ಲ. ಆ ವರ್ಷಗಳನ್ನು ಬಂಜರು ವರ್ಷಗಳೆಂದು ಕರೆಯುವುದು ರೂಢಿ. 2006ರಲ್ಲಿ ಕ್ಲಬ್ ಹೊಸ ಕ್ರೀಡಾಂಗಣಕ್ಕೆ ಹೋಗಿ ಅದರ ಸಾಲವನ್ನು ಹೊತ್ತುಕೊಂಡಿತ್ತು; 2007ರಲ್ಲಿ ಥಿಯರಿ ಆನ್ರಿ, 2011ರಲ್ಲಿ ಸೆಸ್ಕ್ ಫ್ಯಾಬ್ರಿಗಾಸ್ ಮತ್ತು ಸಮೀರ್ ನಸ್ರಿ, 2012ರಲ್ಲಿ ರಾಬಿನ್ ವ್ಯಾನ್ ಪರ್ಸಿ ಹೊರಟುಹೋದರು. ಇಷ್ಟಾಗಿಯೂ ಅವರ ತಂಡ ಸತತ 20 ಸೀಸನ್‌ಗಳಲ್ಲಿ ಮೊದಲ ನಾಲ್ಕು ಸ್ಥಾನಗಳೊಳಗೆ ಉಳಿಯಿತು. 2003-04ರಲ್ಲಿ 26 ಗೆಲುವು, 12 ಡ್ರಾಗಳೊಂದಿಗೆ ಒಂದೂ ಸೋಲಿಲ್ಲದೆ ಲೀಗ್ ಗೆದ್ದದ್ದು ಅವರ ಅತಿ ದೊಡ್ಡ ಸಾಧನೆಯೆಂದು ಎಲ್ಲರೂ ಹೇಳುತ್ತಾರೆ. ನನಗಂತೂ ಆ ಬಂಜರು ವರ್ಷಗಳಲ್ಲಿ ನಾಲ್ಕನೆಯ ಸ್ಥಾನಕ್ಕಾಗಿ ನಡೆದ ಹೋರಾಟವೂ ಅಷ್ಟೇ ದೊಡ್ಡದಾಗಿ ಕಾಣುತ್ತದೆ.

ಆಟವನ್ನೂ ಆಟಗಾರರನ್ನೂ ನೋಡಿ

ಮ್ಯಾನೇಜರ್ ಅವರ ನಿಜವಾದ ಕೈಬರಹ ಇರುವುದು ಆಟಗಾರರಲ್ಲಿ. ಆದ್ದರಿಂದ ಈ ಹಂತಕ್ಕೆ ಹೆಚ್ಚು ಸಮಯ ಕೊಡಿ. ಅವರು ಬರುವ ಮೊದಲೇ ಕ್ಲಬ್ಬಿನಲ್ಲಿದ್ದು ಅವರ ಕೈಕೆಳಗೆ ಬೇರೆಯೇ ಆದ ನಾಲ್ಕೈದು ಆಟಗಾರರನ್ನು ಆರಿಸಿಕೊಂಡು, ಒಬ್ಬೊಬ್ಬರ ಬಗೆಗೂ ಎರಡು ಮೂರು ವಾಕ್ಯ ಬರೆಯಿರಿ. ಹಣ ಕೊಟ್ಟು ತಂದ ತಾರೆಗಳನ್ನು ಈ ಪಟ್ಟಿಯಿಂದ ಹೊರಗಿಡುವುದು ಲೇಸು, ಏಕೆಂದರೆ ಅವರ ಏಳಿಗೆಯಲ್ಲಿ ಮ್ಯಾನೇಜರ್ ಅವರ ಪಾಲೆಷ್ಟು, ಮೊದಲೇ ಇದ್ದ ಪ್ರತಿಭೆಯ ಪಾಲೆಷ್ಟು ಎಂದು ಬೇರ್ಪಡಿಸುವುದು ಸುಲಭವಲ್ಲ.

ಬಿಯೆಲ್ಸಾ ಈ ದೃಷ್ಟಿಯಿಂದ ಅಪರೂಪದ ಉದಾಹರಣೆ. ಕ್ಯಾಲ್ವಿನ್ ಫಿಲಿಪ್ಸ್, ಲೂಕ್ ಐಲಿಂಗ್, ಸ್ಟುವರ್ಟ್ ಡಲ್ಲಾಸ್, ಲಿಯಾಮ್ ಕೂಪರ್, ಮಾಟೆಉಶ್ ಕ್ಲಿಖ್ ಇವರೆಲ್ಲ ಅವರು ಬರುವ ಮೊದಲೇ 13ನೇ ಸ್ಥಾನದ ಆ ತಂಡದೊಂದಿಗೆ ಒಪ್ಪಂದದಲ್ಲಿದ್ದವರು. ಎರಡೇ ವರ್ಷಗಳಲ್ಲಿ, 2020ರಲ್ಲಿ, ಇವರನ್ನೇ ನೆಚ್ಚಿಕೊಂಡ ತಂಡ ಎರಡನೆಯ ದರ್ಜೆಯ ಕಿರೀಟ ಗೆದ್ದು 16 ವರ್ಷಗಳ ನಂತರ ಪ್ರೀಮಿಯರ್ ಲೀಗ್‌ಗೆ ಮರಳಿತು, ಮರುವರ್ಷ 9ನೇ ಸ್ಥಾನದಲ್ಲಿ ಮುಗಿಸಿತು. ಫಿಲಿಪ್ಸ್ 2021ರ ಬೇಸಿಗೆಯಲ್ಲಿ ನಡೆದ, ಯುರೋಪಿನ ದೇಶಗಳ ಟೂರ್ನಿಯಾದ ಯುರೋದ ಫೈನಲ್‌ನಲ್ಲಿ ಇಂಗ್ಲೆಂಡ್ ಪರ ಆಡಿದರು. ಟ್ರೋಫಿಯ ಪಟ್ಟಿಯಲ್ಲಿ ಇದು ಒಂದೇ ಸಾಲು. ಆಟಗಾರರ ಪಟ್ಟಿಯಲ್ಲಿ ಇದು ಒಂದು ಇಡೀ ಪುಟ.

ಆಟದಾಚೆಗಿನ ನಡೆಯನ್ನೂ ಇಲ್ಲಿಯೇ ಸೇರಿಸಬೇಕು. ಲೀಡ್ಸ್‌ಗೆ ಬಂದ ಹೊಸದರಲ್ಲಿ ಬಿಯೆಲ್ಸಾ, ಒಬ್ಬ ಸಾಮಾನ್ಯ ಅಭಿಮಾನಿ ಒಂದು ಟಿಕೆಟ್ಟಿಗಾಗಿ ಎಷ್ಟು ಹೊತ್ತು ದುಡಿಯಬೇಕೆಂದು ವಿಚಾರಿಸಿ, ಸುಮಾರು ಮೂರು ಗಂಟೆ ಎಂದು ತಿಳಿದು, ಅಷ್ಟು ಹೊತ್ತು ತಮ್ಮ ಆಟಗಾರರಿಂದ ಅಭ್ಯಾಸದ ಮೈದಾನದ ಸುತ್ತ ಕಸ ಹೆಕ್ಕಿಸಿದರು. 2019ರ ಏಪ್ರಿಲ್‌ನಲ್ಲಿ ಆಸ್ಟನ್ ವಿಲ್ಲಾದ ಆಟಗಾರನೊಬ್ಬ ಗಾಯಗೊಂಡು ಬಿದ್ದಿದ್ದಾಗ ತಮ್ಮ ತಂಡ ಆಟ ನಿಲ್ಲಿಸದೆ ಗೋಲು ಹೊಡೆದದ್ದು ಸರಿಯಲ್ಲವೆಂದು, ಎದುರಾಳಿಗೆ ಅಡ್ಡಿಯಿಲ್ಲದೆ ಗೋಲು ಹೊಡೆಯಲು ಬಿಟ್ಟುಕೊಟ್ಟರು. ಪಂದ್ಯ 1-1ರಲ್ಲಿ ಮುಗಿಯಿತು. ನೇರವಾಗಿ ಮೇಲಿನ ದರ್ಜೆಗೆ ಏರುವ ದಾರಿ ಆ ಸಲ ಮುಚ್ಚಿತು. ಇಂಥ ಪ್ರಸಂಗಗಳು ಯಾವ ಅಂಕಿಅಂಶದಲ್ಲಿಯೂ ಸಿಗುವುದಿಲ್ಲ, ಆದರೆ ಆ ಊರಿನ ಗೋಡೆಗಳ ಮೇಲೆ ಬಿಯೆಲ್ಸಾ ಅವರ ಚಿತ್ರ ಏಕಿದೆ ಎಂಬುದಕ್ಕೆ ಇವೇ ಉತ್ತರ.

ತಪ್ಪುಗಳನ್ನು ಅದೇ ಅಕ್ಷರದಲ್ಲಿ ಬರೆಯಿರಿ

ಇಲ್ಲಿಗೆ ಬರುವಾಗ ಬಹಳಷ್ಟು ಅಭಿಮಾನಿಗಳು ಪೆನ್ನು ಕೆಳಗಿಡುತ್ತಾರೆ. ಹೊರಟು ನಿಂತವರ ಕೊರತೆ ಎಣಿಸುವುದು ಕೃತಘ್ನತೆಯೆಂಬ ಭಾವನೆ ಸಹಜ. ಆದರೆ ತಪ್ಪಿಲ್ಲದ ಚಿತ್ರದಲ್ಲಿ ಅವರ ಮುಖವೇ ಇರುವುದಿಲ್ಲ. ಕ್ಲಾಪ್ ಅವರ ಬಗೆಗೆ ಈ ಭಾಗವನ್ನು ಬರೆಯಲು ನಾನು ಮೂರು ಸಲ ಕುಳಿತೆ. 2020-21ರಲ್ಲಿ ತವರು ಮೈದಾನದಲ್ಲಿ ಸತತ ಆರು ಲೀಗ್ ಪಂದ್ಯಗಳನ್ನು ತಂಡ ಸೋತಿತು. ವರ್ಜಿಲ್ ವ್ಯಾನ್ ಡೈಕ್, ಜೋ ಗೋಮೆಜ್, ಜೋಯಲ್ ಮಾಟಿಪ್ ಮೂವರೂ ಗಾಯಗೊಂಡು ಹೊರಗಿದ್ದದ್ದು ಅವರ ಕೈಮೀರಿದ ಸಂಗತಿ. ಮಧ್ಯಮ ಸಾಲಿನ ಆಟಗಾರರಿಗೆ ವಯಸ್ಸಾಗುತ್ತಿದ್ದುದು ಕಣ್ಣೆದುರೇ ಕಾಣುತ್ತಿದ್ದರೂ ಬದಲಾವಣೆ ತಡವಾಗಿ ಬಂದು, 2022-23ರಲ್ಲಿ ತಂಡ 5ನೇ ಸ್ಥಾನಕ್ಕೆ ಕುಸಿದದ್ದರಲ್ಲಿ ಮಾತ್ರ ಅವರ ಪಾಲೂ ಇದೆ. ತಮ್ಮ ಜನರ ಮೇಲಿನ ನಿಷ್ಠೆಯೇ ಅವರನ್ನು ತಡೆಯಿತು ಎಂದು ನನ್ನ ಅನಿಸಿಕೆ. ಅವರಲ್ಲಿ ನಾವು ಪ್ರೀತಿಸಿದ ಗುಣವೂ ಅದೇ.

ಈ ಕೊನೆಯ ಮಾತಿನಲ್ಲಿ ಒಂದು ಉಪಾಯವಿದೆ. ಪ್ರತಿ ತಪ್ಪಿನ ಎದುರು, ಅದು ಯಾವ ಗುಣದ ಬೆನ್ನಿಗೆ ಬಂದದ್ದು ಎಂದು ಕೇಳಿಕೊಳ್ಳಿ. ಬಿಯೆಲ್ಸಾ ಅವರ ಲೀಡ್ಸ್ 2022ರ ಫೆಬ್ರುವರಿ ಒಂದರಲ್ಲಿಯೇ 20 ಗೋಲುಗಳನ್ನು ಬಿಟ್ಟುಕೊಟ್ಟಿತು, ಮತ್ತು ಫೆಬ್ರುವರಿ 27ರಂದು ಅವರನ್ನು ತೆಗೆದುಹಾಕಲಾಯಿತು. ಮೈದಾನದುದ್ದಕ್ಕೂ ಒಬ್ಬೊಬ್ಬ ಆಟಗಾರ ಒಬ್ಬೊಬ್ಬ ಎದುರಾಳಿಯನ್ನು ಬೆನ್ನಟ್ಟುವ ಆಟವನ್ನು ಅವರು ಬಿಡಲೊಪ್ಪಲಿಲ್ಲ. ತಂಡವನ್ನು ಮೇಲಕ್ಕೆ ತಂದದ್ದೂ ಅದೇ ಹಟ. ಫರ್ಗುಸನ್ 2013ರಲ್ಲಿ ಲೀಗ್ ಗೆದ್ದ ತಂಡದಲ್ಲಿ ವಯಸ್ಸಾದವರೇ ಹೆಚ್ಚಿದ್ದರು. ಇದ್ದವರಿಂದಲೇ ಗೆಲುವು ಹಿಂಡಿ ತೆಗೆಯುವ ಅವರ ಶಕ್ತಿ ಆ ಕಿರೀಟವನ್ನು ತಂದಿತು ಮತ್ತು ಮುಂದೆ ಬಂದವರಿಗೆ ಬರಿದಾದ ಕಣಜವನ್ನು ಬಿಟ್ಟಿತು.

ತಪ್ಪುಗಳ ಪ್ರಮಾಣವನ್ನೂ ಗಮನಿಸಿ. ಆರ್ಸೆನಲ್‌ಗೆ 2011ರ ಆಗಸ್ಟ್‌ನಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ಎದುರು 8-2, 2014ರ ಮಾರ್ಚ್‌ನಲ್ಲಿ ವೆಂಗರ್ ಅವರ 1000ನೇ ಪಂದ್ಯದಲ್ಲಿ ಚೆಲ್ಸಿ ಎದುರು 6-0. ಇವೆರಡೂ ಎದೆಗೆ ನಾಟಿದ ಸೋಲುಗಳಾದರೂ 1235 ಪಂದ್ಯಗಳಲ್ಲಿ ಎರಡು ಮಾತ್ರ. ಕೊನೆಯ ಎರಡು ಸೀಸನ್‌ಗಳ 5ನೇ ಮತ್ತು 6ನೇ ಸ್ಥಾನಗಳು ಇವುಗಳಿಗಿಂತ ಹೆಚ್ಚು ಮಾತನಾಡುತ್ತವೆ.

ನೆನಪನ್ನು ಮೊದಲು ಬರೆಯಿರಿ, ಆಮೇಲೆ ಪರೀಕ್ಷಿಸಿ

ಕೃತಜ್ಞತೆಯ ಪುಟವನ್ನು ದಾಖಲೆಗಳ ನೆರವಿಲ್ಲದೆ ಬರೆಯಬೇಕು. ಯಾವ ಪಂದ್ಯ, ಯಾವ ಗಳಿಗೆ, ಯಾರು ಪಕ್ಕದಲ್ಲಿದ್ದರು, ಅಂದು ನಿಮ್ಮ ಬದುಕಿನಲ್ಲಿ ಏನು ನಡೆಯುತ್ತಿತ್ತು, ಇವೆಲ್ಲ ಮನಸ್ಸಿನಲ್ಲಿ ಇದ್ದ ಹಾಗೆಯೇ ಬರಲಿ. ಬರೆದು ಮುಗಿದ ಮೇಲೆ ದಾಖಲೆಯೊಡನೆ ಹೋಲಿಸಿ, ವ್ಯತ್ಯಾಸವಿದ್ದಲ್ಲಿ ಮೂಲವನ್ನು ಅಳಿಸದೆ ಪಕ್ಕದಲ್ಲಿ ಗುರುತು ಹಾಕಿ.

2019ರ ಮೇ 7ರಂದು ಲಿವರ್‌ಪೂಲ್, ಯುರೋಪಿನ ಅಗ್ರ ಕ್ಲಬ್ಬುಗಳ ಟೂರ್ನಿಯಾದ ಚಾಂಪಿಯನ್ಸ್ ಲೀಗ್‌ನ ಸೆಮಿಫೈನಲ್‌ನ ಎರಡು ಪಂದ್ಯಗಳಲ್ಲಿ ಮೊದಲನೆಯದರ 3-0 ಸೋಲನ್ನು ದಾಟಿ ಬಾರ್ಸಿಲೋನಾವನ್ನು 4-0ಯಿಂದ ಸೋಲಿಸಿದ ರಾತ್ರಿಯ ಬಗೆಗೆ ನಾನು ಬರೆದ ನೆನಪಿನಲ್ಲಿ ಮೊಹಮದ್ ಸಲಾ ಇದ್ದರು. ದಾಖಲೆ ತೆಗೆದು ನೋಡಿದರೆ ಅಂದು ಸಲಾ ಆಗಲಿ ರಾಬರ್ಟೊ ಫಿರ್ಮಿನೊ ಆಗಲಿ ಆಡಿರಲೇ ಇಲ್ಲ. ಗೋಲುಗಳೆಲ್ಲ ಡಿವೊಕ್ ಒರಿಗಿ ಮತ್ತು ಜಾರ್ಜಿನಿಯೊ ವೈನಾಲ್ಡಮ್ ಅವರವು, ತಲಾ ಎರಡು. ಗಾಯಗೊಂಡಿದ್ದ ಸಲಾ, ಎಂದೂ ಬಿಟ್ಟುಕೊಡಬೇಡ ಎಂಬರ್ಥದ ಅಕ್ಷರಗಳಿದ್ದ ಕಪ್ಪು ಟಿ-ಶರ್ಟ್ ತೊಟ್ಟು ಮೈದಾನದ ಅಂಚಿನಲ್ಲಿದ್ದರು. ನನ್ನ ನೆನಪು ಅವರನ್ನು ಅಂಚಿನಿಂದ ಎತ್ತಿ ಆಟದೊಳಗೆ ತಂದು ನಿಲ್ಲಿಸಿತ್ತು. ಈ ತಿದ್ದುಪಡಿಯಿಂದ ಆ ರಾತ್ರಿ ಚಿಕ್ಕದಾಗಲಿಲ್ಲ, ಇನ್ನೂ ದೊಡ್ಡದಾಯಿತು: ಇಬ್ಬರು ಮುಖ್ಯ ಮುನ್ನಡೆ ಆಟಗಾರರಿಲ್ಲದೆ ನಾಲ್ಕು ಗೋಲು ಹೊಡೆಯಬಲ್ಲೆವೆಂದು ಉಳಿದವರನ್ನು ನಂಬಿಸಿದವರು ಯಾರೆಂಬ ಪ್ರಶ್ನೆ ಆಗ ನನ್ನೆದುರು ನಿಂತಿತು.

ಗೆಲುವುಗಳನ್ನಷ್ಟೇ ಬರೆಯಬೇಡಿ. 2018ರಲ್ಲಿ ಕೀವ್‌ನಲ್ಲಿ ರಿಯಲ್ ಮ್ಯಾಡ್ರಿಡ್ ಎದುರು ಚಾಂಪಿಯನ್ಸ್ ಲೀಗ್ ಫೈನಲ್ ಸೋತ ಮರುದಿನದ ಮೌನ ನೆನಪಿಲ್ಲದಿದ್ದರೆ, ಮುಂದಿನ ವರ್ಷ ಮ್ಯಾಡ್ರಿಡ್ ನಗರದಲ್ಲಿ ಅದೇ ಕಪ್ ಎತ್ತಿದ ರಾತ್ರಿಯ ಅರ್ಥವೂ ಅರ್ಧವೇ.

ಕೊನೆಯ ಪಂದ್ಯವನ್ನು ಇಡಿಯಾಗಿ ನೋಡಿ

ಬೀಳ್ಕೊಡುಗೆಯ ತುಣುಕುಗಳು ಕಣ್ಣು ತೇವಗೊಳಿಸುತ್ತವೆ, ಆದರೆ ತೊಂಬತ್ತು ನಿಮಿಷವನ್ನೂ ನೋಡಿದವರಿಗೆ ಬೇರೇನೋ ದಕ್ಕುತ್ತದೆ. ಫರ್ಗುಸನ್ ಅವರ ಕೊನೆಯ ಹಾಗೂ 1500ನೇ ಪಂದ್ಯ, 2013ರ ಮೇ 19ರಂದು ವೆಸ್ಟ್ ಬ್ರಾಮ್‌ವಿಚ್ ಆಲ್ಬಿಯನ್ ಎದುರು, 5-5ರಲ್ಲಿ ಮುಗಿಯಿತು. 5-2ರ ಮುನ್ನಡೆ ಕರಗಿಹೋದ ಆ ಪಂದ್ಯದಲ್ಲಿ, ಮುಂದಿನ ವರ್ಷ ಕಾಡಲಿದ್ದ ದಣಿವನ್ನು ಇಂದು ನೋಡುವವರು ಗುರುತಿಸಬಹುದು. ಬ್ರಯನ್ ಕ್ಲಫ್ 18 ವರ್ಷ ನಡೆಸಿ, 1979 ಮತ್ತು 1980ರಲ್ಲಿ ಯುರೋಪಿಯನ್ ಕಪ್ (ಇಂದಿನ ಚಾಂಪಿಯನ್ಸ್ ಲೀಗ್) ಗೆಲ್ಲಿಸಿದ್ದ ನಾಟಿಂಗ್‌ಹ್ಯಾಮ್ ಫಾರೆಸ್ಟ್, 1993ರ ಮೇ ತಿಂಗಳಲ್ಲಿ ಅವರ ಕೊನೆಯ ತವರು ಪಂದ್ಯವನ್ನೇ ಸೋತು ಕೆಳದರ್ಜೆಗೆ ಇಳಿಯಿತು. ಆದರೂ ಅಂದು ಅಭಿಮಾನಿಗಳು ಅವರ ಹೆಸರನ್ನೇ ಹಾಡಿದರು. ಮುಂದೆ ಆ ಮೈದಾನದ ಒಂದು ಸ್ಟ್ಯಾಂಡಿಗೆ ಅವರ ಹೆಸರನ್ನೇ ಇಡಲಾಯಿತು. ಕೃತಜ್ಞತೆ ಮತ್ತು ತೀರ್ಪು ಬೇರೆ ಬೇರೆಯಾಗಿ ನಿಲ್ಲಬಲ್ಲವು ಎಂಬುದನ್ನು ಆ ಜನ ನಮಗಿಂತ ಬಹಳ ಮೊದಲೇ ಅರಿತಿದ್ದರು.

2024ರ ಮೇ 19ರಂದು ವುಲ್ವ್ಸ್ ಎದುರಿನ 2-0 ಗೆಲುವಿನ ನಂತರ ಕ್ಲಾಪ್ ಮೈಕ್ ಹಿಡಿದು, ತಮ್ಮ ಜಾಗಕ್ಕೆ ಬರಲಿದ್ದ ಆರ್ನೆ ಸ್ಲಾಟ್ ಅವರ ಹೆಸರನ್ನು ತಾವೇ ಹಾಡಿ, ತಮಗಾಗಿ ಅಳುತ್ತಿದ್ದ ಅಭಿಮಾನಿಗಳಿಂದಲೂ ಹಾಡಿಸಿದರು. ಆ ಸೀಸನ್ನಿನ ಕೊನೆಯ ತಿಂಗಳುಗಳು ಚೆನ್ನಾಗಿ ಸಾಗಿರಲಿಲ್ಲ: ಎಫ್‌ಎ ಕಪ್‌ನಿಂದ ಮ್ಯಾಂಚೆಸ್ಟರ್ ಯುನೈಟೆಡ್, ಯುರೋಪಾ ಲೀಗ್‌ನಿಂದ ಅಟಲಾಂಟಾ ಹೊರದಬ್ಬಿದ್ದವು, ಲೀಗ್‌ನಲ್ಲಿ ತಂಡ ಮೂರನೆಯ ಸ್ಥಾನಕ್ಕೆ ಜಾರಿತ್ತು. ಜನವರಿಯಲ್ಲಿಯೇ ವಿದಾಯ ಪ್ರಕಟಿಸಿದ್ದು ಆಟಗಾರರ ಮನಸ್ಸನ್ನು ಕದಡಿತೇ ಎಂಬ ಪ್ರಶ್ನೆಯನ್ನು ನಾನು ತೀರ್ಪಿನ ಪುಟದಲ್ಲಿ ಪ್ರಶ್ನೆಯಾಗಿಯೇ ಬಿಟ್ಟಿದ್ದೇನೆ.

ಹೊಸಬರನ್ನು ಹಳಬರ ನೆರಳಿನಿಂದ ಹೊರಗಿಡಿ

2013ರ ಮೇ 12ರಂದು ತಮ್ಮ ಕೊನೆಯ ತವರು ಪಂದ್ಯದ ಬಳಿಕ ಫರ್ಗುಸನ್, ಹೊಸ ಮ್ಯಾನೇಜರ್ ಬೆನ್ನಿಗೆ ನಿಲ್ಲುವುದೇ ಇನ್ನು ನಿಮ್ಮ ಕೆಲಸ ಎಂಬರ್ಥದಲ್ಲಿ ಅಭಿಮಾನಿಗಳನ್ನು ಕೇಳಿಕೊಂಡರು. ಒಂದು ವರ್ಷವೂ ತುಂಬುವ ಮೊದಲೇ ಅವರ ಜಾಗಕ್ಕೆ ಬಂದ ಡೇವಿಡ್ ಮೋಯೆಸ್ ವಿರುದ್ಧದ ಬ್ಯಾನರ್ ಹೊತ್ತ ವಿಮಾನ ಅದೇ ಮೈದಾನದ ಮೇಲೆ ಹಾರಿತು. 2014ರ ಏಪ್ರಿಲ್ 22ರಂದು ಅವರನ್ನು ತೆಗೆದುಹಾಕಲಾಯಿತು. ಅವರ ಆಯ್ಕೆಗಳಲ್ಲಿ ತಪ್ಪುಗಳಿದ್ದವು. ಆದರೆ ಅವರಿಗೆ ಸಿಕ್ಕಿದ್ದು ಪಾಲ್ ಸ್ಕೋಲ್ಸ್ ನಿವೃತ್ತರಾಗಿದ್ದ, ರಯಾನ್ ಗಿಗ್ಸ್ ನಲವತ್ತಕ್ಕೆ ಕಾಲಿಡುತ್ತಿದ್ದ ತಂಡ. ಫರ್ಗುಸನ್ ಜೊತೆಯಲ್ಲಿಯೇ ಮುಖ್ಯ ಆಡಳಿತಾಧಿಕಾರಿ ಡೇವಿಡ್ ಗಿಲ್ ಕೂಡ ಹುದ್ದೆ ತೊರೆದಿದ್ದರು. ಇಷ್ಟನ್ನೂ ಬರೆದ ಮೇಲೆ ಮೋಯೆಸ್ ಅವರ 7ನೇ ಸ್ಥಾನವನ್ನು ಅವರೊಬ್ಬರ ಖಾತೆಗೆ ಹಾಕಲು ಕೈ ಬರುವುದಿಲ್ಲ.

ಇನ್ನೊಂದು ತುದಿಯಲ್ಲಿ ಸ್ಲಾಟ್ ಇದ್ದಾರೆ. ಮೊದಲ ಸೀಸನ್ನಿನಲ್ಲಿಯೇ, 2024-25ರಲ್ಲಿ, ಬಹುತೇಕ ಕ್ಲಾಪ್ ಬಿಟ್ಟುಹೋದ ಆಟಗಾರರನ್ನೇ ಇಟ್ಟುಕೊಂಡು ಕ್ಲಬ್ಬಿಗೆ 20ನೇ ಲೀಗ್ ಕಿರೀಟ ತಂದರು. ಇದು ಕ್ಲಾಪ್ ಕಟ್ಟಿದ ತಂಡದ ಗಟ್ಟಿತನಕ್ಕೆ ಸಾಕ್ಷಿಯೆಂದು ಕೆಲವರು, ಕ್ಲಾಪ್ ಈ ತಂಡದಿಂದ ಇನ್ನಷ್ಟು ಪಡೆಯಬಹುದಿತ್ತೆಂಬುದಕ್ಕೆ ಸಾಕ್ಷಿಯೆಂದು ಇನ್ನು ಕೆಲವರು ವಾದಿಸಿದರು. ಒಂದೇ ಕಿರೀಟ ಎರಡು ವಿರುದ್ಧ ವಾದಗಳಿಗೂ ಒದಗುವಾಗ ಅದನ್ನು ಹಿಂದಿನವರ ತೀರ್ಪಿನ ಪುಟಕ್ಕೆ ತರದಿರುವುದೇ ಸರಿ. ಉತ್ತರಾಧಿಕಾರಿ ಮೊದಲ ಪಂದ್ಯ ಆಡಿಸುವುದಕ್ಕೆ ಮುಂಚೆಯೇ ತೀರ್ಪಿನ ಪುಟವನ್ನು ಬರೆದು ದಿನಾಂಕ ಹಾಕಿ ಮುಚ್ಚಿಡಿ ಎಂದು ನಾನು ಒತ್ತಿ ಹೇಳುವುದು ಇದಕ್ಕಾಗಿ. ಶಾಂಕ್ಲಿ ಹೋದ ಮೇಲೆ ಬಂದ ಬಾಬ್ ಪೈಸ್ಲಿ ಆರು ಲೀಗ್ ಕಿರೀಟ, ಮೂರು ಯುರೋಪಿಯನ್ ಕಪ್ ಗೆದ್ದು ಲೆಕ್ಕದಲ್ಲಿ ಶಾಂಕ್ಲಿಯನ್ನು ಬಹಳ ಹಿಂದೆ ಹಾಕಿದರು. ಎರಡನೆಯ ದರ್ಜೆಯಲ್ಲಿ ಮಲಗಿದ್ದ ಕ್ಲಬ್ಬನ್ನು ಎಬ್ಬಿಸಿದವರು ಯಾರೆಂಬುದು ಅದರಿಂದ ಬದಲಾಗಲಿಲ್ಲ.

ಅವರು ಬೇರೆಡೆ ಕಾಣಿಸಿಕೊಂಡಾಗ

ಹೋದವರು ಹೋದಲ್ಲಿಯೇ ಉಳಿಯುವುದಿಲ್ಲ. ಚೆಲ್ಸಿಗೆ ಎರಡು ಲೀಗ್ ಕಿರೀಟ ತಂದು 2007ರಲ್ಲಿ ಹೊರಟ ಜೋಸೆ ಮೊರಿನ್ಯೊ, 2010ರ ಮಾರ್ಚ್‌ನಲ್ಲಿ ಇಟಲಿಯ ಇಂಟರ್ ತಂಡದೊಡನೆ ಅದೇ ಮೈದಾನಕ್ಕೆ ಬಂದು 1-0ಯಿಂದ ಗೆದ್ದು ಹೋದರು. ಡಾಲ್‌ಗ್ಲಿಶ್ ಇಪ್ಪತ್ತು ವರ್ಷಗಳ ನಂತರ ಮರಳಿ ಬಂದು 2012ರಲ್ಲಿ ಲೀಗ್ ಕಪ್ ಗೆದ್ದರೂ 8ನೇ ಸ್ಥಾನದಲ್ಲಿ ಮುಗಿಸಿ ಹುದ್ದೆ ಕಳೆದುಕೊಂಡರು. 2024ರ ಅಕ್ಟೋಬರ್‌ನಲ್ಲಿ ಕ್ಲಾಪ್ ಅವರು ಹಲವು ಕ್ಲಬ್ಬುಗಳ ಒಡೆತನವಿರುವ ಪಾನೀಯ ಕಂಪನಿ ರೆಡ್ ಬುಲ್‌ನ ಫುಟ್ಬಾಲ್ ಮುಖ್ಯಸ್ಥರಾಗುವ ಸುದ್ದಿ ಬಂದಾಗ ಜರ್ಮನಿಯ ಅಭಿಮಾನಿಗಳಲ್ಲಿ ಅನೇಕರು, ಅದರಲ್ಲೂ ಅವರ ಹಳೆಯ ಕ್ಲಬ್ಬುಗಳ ಅಭಿಮಾನಿಗಳು, ತೀವ್ರವಾಗಿ ನೊಂದರು. ಇಂಥ ಸುದ್ದಿ ಬಂದಾಗ ಹಳೆಯ ಎರಡು ಪುಟಗಳನ್ನು ತಿದ್ದಬೇಡಿ. ಬೇಕಾದರೆ ಮೂರನೆಯದೊಂದನ್ನು ತೆರೆಯಿರಿ.

ತಿದ್ದುವ ಕೆಲಸಕ್ಕೆ ಒಂದು ವರ್ಷದ ಅಂತರ ಸಾಕು. 2025ರ ಜನವರಿಯಲ್ಲಿ ನನ್ನ ನೋಟ್‌ಬುಕ್ಕನ್ನು ತೆರೆದಾಗ, ಮೊದಲ ದಿನದ ‘ಅರ್ಧ ದಾರಿಯಲ್ಲಿ ಕೈಬಿಟ್ಟರು’ ಎಂಬ ಸಾಲಿನ ಮೇಲೆ ಗೆರೆ ಎಳೆದು, ಅದರ ಕೆಳಗೆ ಅವರು ಬಂದ ದಿನದ ಸ್ಥಾನವನ್ನೂ ಹೊರಟ ದಿನದ ಸ್ಥಾನವನ್ನೂ ಬರೆದೆ: 10 ಮತ್ತು 3. ನಡುವಿನ ಖಾಲಿ ಜಾಗದಲ್ಲಿ ಇನ್ನೂ ಬರೆಯುವುದಿದೆ.